ಲಕ್ಕವಳ್ಳಿ: ಹತ್ತಿದಲ್ಲೇ ಇಳಿಯುವ ದೋಣಿ

ಲಕ್ಕವಳ್ಳಿಯಲ್ಲಿ ದೋಣಿ ಹತ್ತಿದವರು ಎಲ್ಲಿ ಇಳೀತಾರೆ?

ಹತ್ತಿದ ಜಾಗದಲ್ಲೇ ಇಳೀತಾರೆ. ಜೋಕ್ ಅಲ್ಲ ವೀಕ್ಷಕರೇ, ಅಲ್ಲಿರುವ ವ್ಯವಸ್ಥೆಯೇ ಅದು. ಭದ್ರಾ ಹಿನ್ನೀರಿನ ದಡದಲ್ಲಿ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಅಲ್ಲಿಂದ ಸಫಾರಿ ದೋಣಿ ಹೊರಡುತ್ತೆ, ಕಾಡಿನ ಅಂಚಿಗೆ ಹೋಗುತ್ತೆ, ಆನೆ ಕಂಡರೆ ನಿಲ್ಲುತ್ತೆ, ಹಕ್ಕಿ ಕಂಡರೆ ನಿಲ್ಲುತ್ತೆ, ಸೂರ್ಯ ಇಳಿಯುವ ಹೊತ್ತಿಗೆ ವಾಪಸ್ಸು. ಪ್ರವಾಸಿಗರಿಗೆ ಅಷ್ಟು ಸಾಕು. ಆದರೆ ತರೀಕೆರೆ ಕಡೆಯವರು, ನರಸಿಂಹರಾಜಪುರದ ಕಡೆಯವರು ನನಗೆ ಕಳಿಸುವ ಪ್ರಶ್ನೆ ಬೇರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತಲ್ಲ, ಆವತ್ತಿನಿಂದ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. 'ಶರಾವತಿ ಹಿನ್ನೀರಿನಲ್ಲಿ ಅಷ್ಟು ವರ್ಷ ಲಾಂಚ್ ಓಡಿತು. ನಮ್ಮ ಭದ್ರಾ ಹಿನ್ನೀರಿನಲ್ಲಿ ಲಕ್ಕವಳ್ಳಿಯಿಂದ ಎನ್.ಆರ್. ಪುರಕ್ಕೆ ಒಂದು ಲಾಂಚ್ ಯಾಕೆ ಬಿಡಬಾರದು? ನೀರು ಇಲ್ಲವಾ? ದಡ ಇಲ್ಲವಾ? ಜನ ಇಲ್ಲವಾ?'

ಒಳ್ಳೆಯ ಪ್ರಶ್ನೆ. ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು: ಅದು ಹುಲಿ ಮೀಸಲು ಪ್ರದೇಶ, ಬಿಡಲ್ಲ. ಆದರೆ ಆ ಉತ್ತರ ಅರ್ಧ ಮಾತ್ರ. ಉಳಿದ ಅರ್ಧ ನೀರಿನೊಳಗೇ ಇದೆ. ನಾನು ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಮಾತಿನ ಕೆಲಸ. ಓದಿದ್ದು ಉಪಯೋಗಕ್ಕೆ ಬರುವ ಸಂದರ್ಭ ಅಪರೂಪ, ಇವತ್ತು ಬಂದಿದೆ. ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ.

ಮೊದಲು ಊರು ಎಲ್ಲಿದೆ ಅಂತ ನೋಡೋಣ. ತರೀಕೆರೆ ಅಂದ ಕೂಡಲೇ ನಮ್ಮ ಕಸುಬಿನವರಿಗೆ ನೆನಪಾಗೋದು ಆ ಏರಿ ಮೇಲಿನ ಕುರಿಮರಿಗಳ ನಾಲಿಗೆ ತೊಡರುವ ಆಟ. ಹೊಸದಾಗಿ ಬಂದ ಆ್ಯಂಕರ್‌ಗಳಿಗೆಲ್ಲ ಅದನ್ನೇ ಹೇಳಿಸೋದು. ಆ ತರೀಕೆರೆಯಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಲಕ್ಕವಳ್ಳಿ, ಭದ್ರೆಯ ಬಲದಂಡೆ ಮೇಲೆ. ನದಿ ದಾಟಿದರೆ ಶಿವಮೊಗ್ಗ ಜಿಲ್ಲೆ, ಭದ್ರಾವತಿ ತಾಲ್ಲೂಕು. ಅಲ್ಲಿ ಬಿಆರ್‌ಪಿ, ಶಂಕರಘಟ್ಟ, ಕುವೆಂಪು ವಿಶ್ವವಿದ್ಯಾಲಯ. ಆದ್ದರಿಂದಲೇ ಒಂದೇ ಅಣೆಕಟ್ಟಿಗೆ ಎರಡು ಹೆಸರು. ಶಿವಮೊಗ್ಗದವರು 'ಬಿಆರ್‌ಪಿ ಡ್ಯಾಂ' ಅಂತಾರೆ, ತರೀಕೆರೆಯವರು 'ಲಕ್ಕವಳ್ಳಿ ಡ್ಯಾಂ' ಅಂತಾರೆ. ಬಿಆರ್‌ಪಿ ಅಂದರೆ ಊರಿನ ಹೆಸರಲ್ಲ, ಭದ್ರಾ ನದಿ ಯೋಜನೆ ಅನ್ನುವುದರ ಇಂಗ್ಲಿಷ್ ಅಕ್ಷರಗಳು. ಯೋಜನೆಯೇ ಊರಾಗಿ ಕೂತಿರುವ ಜಾಗ ಅದು.

ಡ್ಯಾಂ ಕಟ್ಟುವ ಮೊದಲು ಭದ್ರೆಯ ಮೇಲೆ ದೋಣಿ ಇರಲಿಲ್ಲವಾ? ಇತ್ತು. ಆದರೆ ಅದು ಅಡ್ಡಕ್ಕೆ ಓಡುವ ದೋಣಿ, ಉದ್ದಕ್ಕೆ ಅಲ್ಲ. ಮಲೆನಾಡಿನ ಹೊಳೆಗಳಲ್ಲಿ ದೋಣಿಗಂಡಿ ಅಂತ ಇರ್ತಿತ್ತು. ಈ ದಡದಿಂದ ಆ ದಡಕ್ಕೆ ಜನ, ಸಾಮಾನು, ಕೆಲವು ಸಲ ಜಾನುವಾರು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ದೋಣಿ ಬಂದ್. ಬೇಸಿಗೆಯಲ್ಲಿ ಬಂಡೆ ಎದ್ದರೆ ನಡೆದೇ ದಾಟೋದು. ಕರಾವಳಿಯ ನೇತ್ರಾವತಿ, ಕಾಳಿ, ಗಂಗಾವಳಿಯಂತೆ ಸಮುದ್ರದ ಉಬ್ಬರ ಒಳಗೆ ನುಗ್ಗುವ ನದಿ ಅಲ್ಲ ಇದು. ಕುದುರೆಮುಖದ ಸಾಲಿನ ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರು, ಖಾಂಡ್ಯ ದಾಟಿ, ಕಲ್ಲುಗಳ ಮಧ್ಯೆ ಇಳಿದು ಬರುವ ಹೊಳೆ. ಇಂಥ ಹೊಳೆಯಲ್ಲಿ ಉದ್ದಕ್ಕೆ ದೋಣಿ ಬಿಟ್ಟರೆ ಇಳಿಯೋಕೆ ಒಂದು ದಾರಿ ಸಿಕ್ಕೀತು, ಹತ್ತೋಕೆ ಸಿಗಲ್ಲ.

ಉದ್ದದ ದಾರಿ ಬೇಕಾದಾಗ ಮೈಸೂರು ಸರ್ಕಾರ ಮಾಡಿದ್ದು ರೈಲು. ಇದು ಬಹಳ ಜನಕ್ಕೆ ಗೊತ್ತಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ರೈಲು ಓಡುತ್ತಿತ್ತು. ಎರಡೇ ಅಡಿ ಅಗಲದ ಹಳಿ. ಎನ್.ಆರ್. ಪುರದ ಹಳೆಯ ಹೆಸರು ಎಡೇಹಳ್ಳಿ. ಯುವರಾಜ ನರಸಿಂಹರಾಜ ಒಡೆಯರ ಹೆಸರು ಆ ಊರಿಗೆ ಬಂದದ್ದು ಆಮೇಲೆ. ಅಂದರೆ ಇವತ್ತು ಲಾಂಚ್ ಕೇಳುತ್ತಿರುವ ಜನರ ಮುತ್ತಜ್ಜಂದಿರು ಅದೇ ಎರಡು ಊರಿನ ನಡುವೆ ರೈಲಿನಲ್ಲಿ ಓಡಾಡಿದ್ದಾರೆ. ಈಗ ಆ ಹಳಿಯೂ ಇಲ್ಲ, ರೈಲೂ ಇಲ್ಲ. ನೂರು ವರ್ಷದ ಹಿಂದೆ ಇದ್ದ ಸಂಪರ್ಕ ಈಗ ಇಲ್ಲ ಅನ್ನೋದು ಆ ಕಡೆಯವರ ಸಿಟ್ಟಿನ ಮೂಲ. ಆ ಸಿಟ್ಟು ನ್ಯಾಯವೇ.

ಈಗ ಡ್ಯಾಂಗೆ ಬರೋಣ.

ಕೆಲಸ ಶುರುವಾದದ್ದು 1947ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಕಡೂರು ಜಿಲ್ಲೆ ಅಂತ ಇದ್ದ ಹೆಸರು ಚಿಕ್ಕಮಗಳೂರು ಜಿಲ್ಲೆ ಅಂತ ಬದಲಾದ ವರ್ಷವೂ ಹೌದು. ಮುಗಿದದ್ದು 1960ರ ದಶಕದಲ್ಲಿ. ಪೂರ್ಣಮಟ್ಟ 186 ಅಡಿ. ಒಟ್ಟು ಸಂಗ್ರಹ ಸುಮಾರು 71.5 ಟಿಎಂಸಿ. ಟಿಎಂಸಿ ಅಂತ ನಾವು ದಿನಾ ಓದ್ತೀವಿ, ಏನದು? ನೂರು ಕೋಟಿ ಘನ ಅಡಿ ನೀರು. ಲೀಟರಿನಲ್ಲಿ ಹೇಳೋದಾದರೆ ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಇನ್ನೊಂದು ಥರ ಹೇಳ್ತೀನಿ: ಡ್ಯಾಂನಿಂದ 11,574 ಕ್ಯೂಸೆಕ್ ನೀರನ್ನು ಇಡೀ ಒಂದು ದಿನ, 24 ಗಂಟೆ ಬಿಟ್ಟರೆ ಒಂದು ಟಿಎಂಸಿ ಖಾಲಿ. ಈ ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಒಳಹರಿವು, ಹೊರಹರಿವಿನ ಸುದ್ದಿ ಓದುವಾಗ ನಿಮ್ಮನ್ನು ಯಾರೂ ಯಾಮಾರಿಸೋಕೆ ಆಗಲ್ಲ.

ಡ್ಯಾಂ ತುಂಬಿದಾಗ ನೀರು ಹರಡುವುದು ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಜಾಗಕ್ಕೆ. ಆ ಜಾಗದಲ್ಲಿ ಮೊದಲು ಊರುಗಳಿದ್ದವು, ಗದ್ದೆ, ತೋಟ, ಕಾಡು ಇದ್ದವು. ಮಲೆನಾಡಿನಲ್ಲಿ 'ಮುಳುಗಡೆ' ಅನ್ನೋ ಪದಕ್ಕೆ ಇರುವ ತೂಕ ಬಯಲುಸೀಮೆಯವರಿಗೆ ಅರ್ಥ ಆಗೋದು ಕಷ್ಟ. ಅಲ್ಲಿ ಅದು ಒಂದು ವಿಳಾಸ. 'ಅವರು ಮುಳುಗಡೆಯವರು' ಅಂದರೆ ಸಾಕು, ಒಂದು ಕುಟುಂಬದ ಇಡೀ ಚರಿತ್ರೆ ಹೇಳಿದ ಹಾಗೆ.

ನೀರು ನಿಂತಿತು, ಸರಿ. ನೀರು ನಿಂತ ಮೇಲೆ ದೋಣಿ ಉದ್ದಕ್ಕೂ ಓಡಬಹುದಲ್ಲ? ಇಲ್ಲಿಂದ ಎಂಜಿನಿಯರಿಂಗ್ ಶುರು.

ಕೆರೆ ಬೇರೆ, ಜಲಾಶಯ ಬೇರೆ. ಕೆರೆಯ ದಡ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ. ಜಲಾಶಯದ ದಡ ನಡೆದಾಡುತ್ತೆ. ಜೂನ್‌ನಲ್ಲಿ ಮುಂಗಾರು ಶುರುವಾದರೆ ಆಗಸ್ಟ್ ಹೊತ್ತಿಗೆ ಭದ್ರಾ ತುಂಬುವ ವರ್ಷಗಳಿವೆ. ಆಗಲೇ ನಾಲೆಗೆ ನೀರು. ಆಮೇಲೆ ಜನವರಿಯಿಂದ ಬೇಸಿಗೆ ಬೆಳೆಗೆ ಮತ್ತೆ ನೀರು. ಮೇ ಹೊತ್ತಿಗೆ ಮಟ್ಟ ಹತ್ತಾರು ಅಡಿ ಇಳಿದಿರುತ್ತೆ. 60 ಅಡಿ ಇಳಿಯಿತು ಅಂತಿಟ್ಟುಕೊಳ್ಳಿ. ದಡದ ಇಳಿಜಾರು ಹತ್ತಕ್ಕೆ ಒಂದು ಇದ್ದರೆ, ಅಂದರೆ ಹತ್ತು ಅಡಿ ಮುಂದೆ ನಡೆದರೆ ಒಂದು ಅಡಿ ಇಳಿಯುವಂತಿದ್ದರೆ, ನೀರಿನ ಅಂಚು 600 ಅಡಿ ಹಿಂದೆ ಸರಿದಿರುತ್ತೆ. ಇಳಿಜಾರು ಇನ್ನೂ ಕಡಿಮೆ ಇರುವ ಕಡೆ, ಹಳೆಯ ಗದ್ದೆ ಬಯಲು ಇದ್ದ ಕಡೆ, ಅದು ಸಾವಿರಾರು ಅಡಿ. ಈಗ ಹೇಳಿ, ಜೆಟ್ಟಿ ಎಲ್ಲಿ ಕಟ್ತೀರಿ? ಆಗಸ್ಟ್‌ನ ದಡದಲ್ಲಿ ಕಟ್ಟಿದರೆ ಏಪ್ರಿಲ್‌ನಲ್ಲಿ ಅದು ಒಣಗಿದ ಗುಡ್ಡದ ಮೇಲಿರುತ್ತೆ. ಏಪ್ರಿಲ್‌ನ ದಡದಲ್ಲಿ ಕಟ್ಟಿದರೆ ಆಗಸ್ಟ್‌ನಲ್ಲಿ ನೀರಿನ ತಳದಲ್ಲಿರುತ್ತೆ. ತೇಲುವ ಜೆಟ್ಟಿ ಹಾಕಬಹುದು, ನಿಜ. ಆದರೆ ಅದರ ಜೊತೆಗೆ ರಸ್ತೆಯೂ ನಡೆದು ಬರಬೇಕಲ್ಲ? ವಯಸ್ಸಾದ ಒಬ್ಬರು ಆಸ್ಪತ್ರೆಗೆ ಹೋಗಲು ಕೆಸರಿನಲ್ಲಿ ಅರ್ಧ ಫರ್ಲಾಂಗು ನಡೆದು ಲಾಂಚ್ ಹತ್ತಬೇಕು ಅಂದರೆ ಅದು ಸಾರಿಗೆ ಅನ್ನಿಸಿಕೊಳ್ಳಲ್ಲ.

ಎರಡನೆಯದು ಕುಂಟೆ. ಮರದ ಕುಂಟೆ. ಭದ್ರಾ ಹಿನ್ನೀರಿನ ಯಾವ ಫೋಟೊ ನೋಡಿದರೂ ನೀರಿನ ಮಧ್ಯೆ ಎಲೆಯಿಲ್ಲದ ಒಣ ಬೊಡ್ಡೆಗಳು, ಅದರ ತುದಿಯಲ್ಲಿ ಒಂದೊಂದು ನೀರುಕಾಗೆಯೋ ಮೀನು ಹಿಡಿಯುವ ಹದ್ದೋ ಕಾಣುತ್ತೆ. ಫೋಟೊಗೆ ಚೆಂದ. ಕಾಣುವ ಬೊಡ್ಡೆಗಿಂತ ಕಾಣದ ಬೊಡ್ಡೆ ಅಪಾಯ. ಅಲ್ಲಿ ದೋಣಿ ನಡೆಸುವ ಒಬ್ಬರನ್ನು ಕೇಳಿದೆ, ರಾತ್ರಿ ಹೊತ್ತು ಓಡಿಸ್ತೀರಾ ಅಂತ. ಅವರು ನಕ್ಕರು.

'ಸಾರ್, ಹಗಲೇ ದಿನಾ ಹೊಸ ದಾರಿ. ನಿನ್ನೆ ಹೋದ ಕಡೆ ಇವತ್ತು ಹೋಗೋ ಹಂಗಿಲ್ಲ. ಒಂದಡಿ ನೀರು ಇಳಿದ್ರೆ ಕೆಳಗಿರೋ ಬೊಡ್ಡೆ ಒಂದಡಿ ಮೇಲೆ ಬಂದಂಗೆ ಅಲ್ವಾ?'

ಅಲ್ವಾ! ಇದನ್ನೇ ನಮಗೆ ಕಾಲೇಜಿನಲ್ಲಿ ಡ್ರಾಫ್ಟ್, ಅಂಡರ್ ಕೀಲ್ ಕ್ಲಿಯರೆನ್ಸ್ ಅಂತ ಏನೇನೋ ಹೆಸರಿಟ್ಟು ಕಲಿಸೋದು. ಸರ್ಕಾರದ ಒಳನಾಡು ಜಲಮಾರ್ಗಗಳ ವರ್ಗೀಕರಣದಲ್ಲಿ ಅತ್ಯಂತ ಕೆಳಗಿನ ವರ್ಗದ ನದಿ ಮಾರ್ಗಕ್ಕೂ ಕನಿಷ್ಠ 1.2 ಮೀಟರ್ ಆಳ ಇರಬೇಕು ಅಂತ ಇದೆ. ಜಲಾಶಯದ ನಡುಮಧ್ಯೆ ಅದಕ್ಕಿಂತ ಎಷ್ಟೋ ಪಟ್ಟು ಆಳ ಇದೆ. ತೊಂದರೆ ಅಂಚಿನಲ್ಲಿ, ಬಾಲದಲ್ಲಿ. ಹಿನ್ನೀರಿನ ಬಾಲ ಅಂತೀವಲ್ಲ, ನದಿ ಬಂದು ಜಲಾಶಯ ಸೇರುವ ತುದಿ, ಅಲ್ಲಿ ಮೊದಲು ನೀರು ಬತ್ತೋದು, ಅಲ್ಲೇ ಹೂಳು ಮೊದಲು ಕೂರೋದು. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಲ್ಲುವವರೆಗೂ ಅಲ್ಲಿನ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಗಣಿ ನಿಂತಿತು, ಬಂದು ಕೂತ ಮಣ್ಣು ಎದ್ದು ಹೋಗಲಿಲ್ಲ.

ಮೂರನೆಯದಕ್ಕೆ ಬರೋಣ. ಇದು ಹುಲಿಯದ್ದು ಅಂತ ಎಲ್ಲರೂ ಅಂದುಕೊಳ್ತಾರೆ. ನಾನು ಹೇಳೋದು ಒಂದು ಹಕ್ಕಿಯ ವಿಷಯ.

ಜಾಗರ ಕಣಿವೆಯನ್ನು ವನ್ಯಧಾಮ ಅಂತ ಘೋಷಿಸಿದ್ದು 1951ರಲ್ಲಿ. 1974ರಲ್ಲಿ ಅದನ್ನು ಹಿಗ್ಗಿಸಿ ಭದ್ರಾ ವನ್ಯಧಾಮ ಮಾಡಿದರು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಸುಮಾರು 492 ಚದರ ಕಿಲೋಮೀಟರ್. ಮುತ್ತೋಡಿ, ಹೆಬ್ಬೆ, ತಣಿಗೆಬೈಲು, ಲಕ್ಕವಳ್ಳಿ ಇವೆಲ್ಲ ಅದರ ವಲಯಗಳು. ಕಾಡಿನ ಒಂದು ಗಡಿ ಈ ಹಿನ್ನೀರೇ. ಬೇಸಿಗೆಯಲ್ಲಿ ಕಾಡಿನೊಳಗಿನ ಹಳ್ಳಗಳು ಬತ್ತಿದಾಗ ಆನೆ, ಕಾಟಿ, ಜಿಂಕೆ ಎಲ್ಲ ಇಳಿದು ಬರೋದು ಈ ದಡಕ್ಕೆ. ಅದೇ ಹೊತ್ತಿಗೆ, ನೀರು ಇಳಿದಂತೆ, ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದೇ ದ್ವೀಪವಾಗಿ ಏಳುತ್ತೆ. ಆ ಬೋಳು ದ್ವೀಪಗಳಿಗೆ ಸಾವಿರಗಟ್ಟಲೆ ರಿವರ್ ಟರ್ನ್‌ಗಳು ಬರುತ್ತವೆ. ಬೂದುಬಿಳಿ ಮೈ, ಕರಿ ಟೋಪಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಗೂಡು ಕಟ್ಟಲ್ಲ ಅವು. ಜಲ್ಲಿಕಲ್ಲಿನ ಮಧ್ಯೆ ಒಂದು ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಚುಕ್ಕೆ ಮೊಟ್ಟೆ. ಕಲ್ಲು ಯಾವುದು, ಮೊಟ್ಟೆ ಯಾವುದು ಅಂತ ಕಾಲಿಟ್ಟ ಮೇಲೇ ಗೊತ್ತಾಗೋದು.

ದ್ವೀಪ ಯಾಕೆ ಬೇಕು ಅವಕ್ಕೆ? ಸುತ್ತ ನೀರಿದ್ದರೆ ನರಿ, ನಾಯಿ ಬರಲ್ಲ. ನೀರೇ ಬೇಲಿ. ಆದರೆ ನೀರು ಇನ್ನೂ ಇಳಿದರೆ ದ್ವೀಪ ದಡಕ್ಕೆ ಅಂಟಿಕೊಳ್ಳುತ್ತೆ, ಬೇಲಿ ಹೋಯಿತು. ಮೇ ತಿಂಗಳಲ್ಲಿ ಜೋರು ಮಳೆ ಬಂದು ಮಟ್ಟ ಏರಿದರೆ ತಡವಾಗಿ ಇಟ್ಟ ಮೊಟ್ಟೆ ಮುಳುಗುತ್ತೆ. ಇದರ ಜೊತೆಗೆ ದಿನಕ್ಕೆ ಹತ್ತು ಸಲ ಡೀಸೆಲ್ ಲಾಂಚ್ ಪಕ್ಕದಲ್ಲೇ ಹೋದರೆ? ತಾಯಿ ಹಕ್ಕಿ ಪ್ರತಿ ಸಲ ಎದ್ದು ಹಾರುತ್ತೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಮೊಟ್ಟೆ ಬಿಚ್ಚಿಟ್ಟರೆ ಅದು ಬೆಂದು ಹೋಗುತ್ತೆ, ಕಾವು ಕೂರೋದು ಅಲ್ಲಿ ಬೆಚ್ಚಗಿಡೋಕೆ ಅಲ್ಲ, ನೆರಳು ಕೊಡೋಕೆ. ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿ 2020ರಿಂದ ಈ ಹಕ್ಕಿಯನ್ನು ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಸಿದ್ದಾರೆ. ಲಕ್ಕವಳ್ಳಿಯ ರೆಸಾರ್ಟಿಗೆ ಅದರ ಹೆಸರು ಇಟ್ಟಿರೋದು ಸುಮ್ಮನೆ ಅಲ್ಲ.

'ಹಕ್ಕಿಗೆ ಇಷ್ಟು ಮಾಡ್ತೀರಿ, ಮನುಷ್ಯರಿಗೆ?' ಈ ಪ್ರಶ್ನೆ ಬಂದೇ ಬರುತ್ತೆ. ಬರಲಿ. ಭದ್ರಾದಲ್ಲಿ ಮನುಷ್ಯರು ಕೊಟ್ಟದ್ದು ಒಂದು ಸಲ ಅಲ್ಲ, ಎರಡು ಸಲ. ಮೊದಲು ಡ್ಯಾಂಗೆ. ಆಮೇಲೆ, 2001 ಮತ್ತು 2002ರ ಆಸುಪಾಸಿನಲ್ಲಿ, ಕಾಡಿನೊಳಗಿದ್ದ ಊರುಗಳ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಬಹಳಷ್ಟು ಜನ ಬಂದದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ. ದೇಶದಲ್ಲಿ ಹುಲಿ ಕಾಡಿನಿಂದ ಜನರನ್ನು ಸ್ಥಳಾಂತರ ಮಾಡಿದ ಪ್ರಕರಣಗಳಲ್ಲಿ ಜಗಳ, ಲಾಠಿ ಕಡಿಮೆ ಇದ್ದು ನೀರಾವರಿ ಭೂಮಿ ಸಿಕ್ಕ ಉದಾಹರಣೆ ಅಂತ ಭದ್ರಾವನ್ನು ಹೇಳ್ತಾರೆ. ಅದು ಹೊಗಳಿಕೆಯ ಮಾತು, ಹೊಗಳಿಕೆಗೆ ಯೋಗ್ಯವೂ ಹೌದು. ಆದರೆ ಹಾಗೆ ಊರು ಬಿಟ್ಟುಕೊಟ್ಟ ಕಾಡಿನ ಪಕ್ಕದಲ್ಲಿ ನಾಳೆ ಬೆಂಗಳೂರಿನ ವೀಕೆಂಡ್ ಗುಂಪುಗಳಿಗೋಸ್ಕರ ಲಾಂಚ್, ಜೆಟ್ ಸ್ಕೀ, ತೇಲುವ ಹೋಟೆಲು ತಂದರೆ, ಎಂ.ಸಿ. ಹಳ್ಳಿಯ ಒಬ್ಬ ಯಜಮಾನರು ಕೇಳ್ತಾರೆ: 'ಹಂಗಾದ್ರೆ ನಮ್ಮನ್ನ ಯಾಕಪ್ಪಾ ಎಬ್ಬಿಸಿದ್ರಿ?' ನನ್ನ ಹತ್ತಿರ ಅದಕ್ಕೆ ಉತ್ತರ ಇಲ್ಲ. ನಿಮ್ಮ ಹತ್ತಿರ ಇದೆಯಾ?

ಹಾಗಾದರೆ ಶರಾವತಿಯಲ್ಲಿ ಹೇಗೆ ಓಡಿತು? ಅಲ್ಲಿ ಓಡಿದ್ದು ಅನಿವಾರ್ಯಕ್ಕೆ. ಲಿಂಗನಮಕ್ಕಿ 1964ರಲ್ಲಿ ಆದ ಮೇಲೆ ತುಮರಿ ಕಡೆಯ ಜನ ಒಂದು ರೀತಿ ದ್ವೀಪದವರಾಗಿಬಿಟ್ಟರು. ಸಾಗರಕ್ಕೆ ಬರಬೇಕಂದರೆ ನೀರು ದಾಟಬೇಕು, ಇಲ್ಲಾ ಗುಡ್ಡ ಸುತ್ತಬೇಕು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚ್ ಬಂತು. ಅದು ಅಡ್ಡ ದಾಟುವ ಲಾಂಚ್, ಗಮನಿಸಿ, ಹಳೆಯ ದೋಣಿಗಂಡಿಯ ದೊಡ್ಡ ರೂಪ ಅಷ್ಟೇ. ಬೇಸಿಗೆಯಲ್ಲಿ ನೀರು ಇಳಿದರೆ ಅಲ್ಲೂ ವಾಹನ ಹತ್ತಿಸೋದು ನಿಲ್ಲುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚ್ ಇರುತ್ತಿರಲಿಲ್ಲ. ಪ್ರವಾಸಿಗರು ಆ ಲಾಂಚಿನಲ್ಲಿ ರೀಲ್ಸ್ ಮಾಡಿಕೊಂಡರು. ಊರಿನವರು 60 ವರ್ಷ ಸೇತುವೆ ಕೇಳಿದರು. ಲಾಂಚ್ ಬೇಕು ಅನ್ನುವವರು ಲಾಂಚ್ ಇದ್ದವರನ್ನು ಒಂದು ಸಲ ಮಾತಾಡಿಸಿ ನೋಡಬೇಕು.

ಕಾನೂನಿನ ಮಾತು ಚಿಕ್ಕದಾಗಿ ಮುಗಿಸ್ತೀನಿ. 2016ರಲ್ಲಿ ಕೇಂದ್ರ ಸರ್ಕಾರ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿ ಮಾಡಿತು. ಅದರಲ್ಲಿ ತುಂಗಭದ್ರಾ ಇದೆ. ಅದನ್ನು ನೋಡಿದವರು 'ಭದ್ರಾಗೂ ಬರುತ್ತೆ' ಅಂತ ಸುದ್ದಿ ಹಬ್ಬಿಸ್ತಾರೆ. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಹಡಗು ಬರಲ್ಲ. ಆ ಪಟ್ಟಿಯ ಎಷ್ಟೋ ನದಿಗಳಲ್ಲಿ ಬೇಸಿಗೆಯಲ್ಲಿ ಕ್ರಿಕೆಟ್ ಆಡ್ತಾರೆ. 2021ರ ಒಳನಾಡು ನೌಕೆಗಳ ಕಾಯ್ದೆ ಬಂದ ಮೇಲೆ ಎಂಜಿನ್ ಇರುವ ಪ್ರತಿ ದೋಣಿಗೂ ನೋಂದಣಿ, ತಪಾಸಣೆ, ಜೀವರಕ್ಷಕ ಸಾಧನ ಬೇಕು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ನೀವು ಎಲ್ಲೇ ದೋಣಿ ಹತ್ತಿದರೂ ಲೈಫ್ ಜಾಕೆಟ್ ಕೇಳಿ. ಕೊಡದಿದ್ದರೆ ಇಳಿಯಿರಿ. ಅಷ್ಟೇ.

ಈಗ ನಾನು ನಿಜವಾಗಿ ಹೇಳಬೇಕು ಅಂತಿದ್ದ ವಿಷಯ. ಲಕ್ಕವಳ್ಳಿಯಿಂದ ಹೊರಡುವ ಉದ್ದದ ದಾರಿ ಒಂದು ಇದ್ದೇ ಇದೆ. ಅದು ದೋಣಿಯದ್ದಲ್ಲ, ನೀರಿನದ್ದು. ನಾವು ದೋಣಿ ನೋಡ್ತಾ ಕೂತಿದ್ದೀವಿ, ಜಗಳ ನಡೀತಿರೋದು ಆ ದಾರಿಯ ಮೇಲೆ.

ಡ್ಯಾಂನಿಂದ ಎರಡು ದೊಡ್ಡ ನಾಲೆ. ಬಲದಂಡೆ 103 ಕಿಲೋಮೀಟರ್, ಎಡದಂಡೆ 77 ಕಿಲೋಮೀಟರ್. ಒಂದು ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟ ಅಚ್ಚುಕಟ್ಟು. ಅದರಲ್ಲಿ ದೊಡ್ಡ ಪಾಲು ದಾವಣಗೆರೆ ಕಡೆಯದ್ದು. ಭತ್ತ, ಅಡಿಕೆ, ಕಬ್ಬು. ಡ್ಯಾಂ ತರೀಕೆರೆಯ ಮಗ್ಗುಲಲ್ಲಿ. ನೀರು ಇಳಿದು ಹೋಗೋದು ಉತ್ತರಕ್ಕೆ. ಯಾಕೆ? ನೀರಿಗೆ ತಾಲ್ಲೂಕು ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಲಕ್ಕವಳ್ಳಿಗಿಂತ ಅಜ್ಜಂಪುರ ಎತ್ತರದಲ್ಲಿದೆ, ಕಡೂರು ಎತ್ತರದಲ್ಲಿದೆ. ಹಾಗಾಗಿ ಡ್ಯಾಂ ತುಂಬಿ ಗೇಟ್ ತೆಗೆದ ದಿನ ಕೂಡ ಕಡೂರಿನಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ನಿಂತ ವರ್ಷಗಳಿವೆ. ನನ್ನ ತಾಯಿ ಕಡೆಯವರು ಕಡೂರಿನವರು. ಅಜ್ಜಿ ಹೇಳೋರು, 'ಮಳೆ ಅಲ್ಲಿ ಬೆಟ್ಟದ ಆ ಕಡೆ ಹೊಯ್ತದೆ ಕಣೋ ಮಗಾ, ಈ ಕಡೆಗೆ ಬರೀ ಗುಡುಗು ಕೇಳಿಸ್ತದೆ' ಅಂತ. ಮಳೆನೆರಳು ಅಂತ ಪುಸ್ತಕದಲ್ಲಿ ಇರೋದು ಇದೇ.

ಕಡೂರು ಸೀಮೆಗೆ ನದಿ ಇಲ್ಲವಾ? ಇದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಿಂದ ವೇದಾ, ಮದಗದ ಕೆರೆಯಿಂದ ಆವತಿ. ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ. ಎರಡೂ ಹಳೆಯ, ದೊಡ್ಡ ಕೆರೆಗಳು; ಜನಪದರು ಹಾಡಿ ಹೊಗಳಿದ ನೀರು. ಆ ವೇದಾವತಿ ಹೊಸದುರ್ಗದ ಕಡೆ ಹರಿದು, ಹಿರಿಯೂರಿನ ಹತ್ತಿರ ಮಾರಿಕಣಿವೆಯ ವಾಣಿ ವಿಲಾಸ ಸಾಗರ ಸೇರುತ್ತೆ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕೆಲಸ ಮುಗಿದ ಅಣೆಕಟ್ಟು ಅದು. 130 ಅಡಿ, 30 ಟಿಎಂಸಿ. ಕೋಡಿ ಬಿದ್ದದ್ದು 1933ರಲ್ಲಿ ಒಂದು ಸಲ. ಆಮೇಲೆ ಕಾದದ್ದು 89 ವರ್ಷ, 2022ರ ಸೆಪ್ಟೆಂಬರ್‌ವರೆಗೆ. ಮತ್ತೆ 2025ರ ಜನವರಿಯಲ್ಲಿ. ಈ ಎರಡು ಸಲದ ಹಿಂದೆ ಮಳೆಯ ಜೊತೆಗೆ ಇನ್ನೊಂದು ಕೈ ಇದೆ: ಭದ್ರೆಯಿಂದ ಎತ್ತಿ ತಂದ ನೀರು.

ಅದೇ ಭದ್ರಾ ಮೇಲ್ದಂಡೆ ಯೋಜನೆ. ಚಿತ್ರ ಹೀಗೆ: ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ಹಾಕೋದು. ಭದ್ರಾ ಜಲಾಶಯದಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಹತ್ತಿರದ ಸುರಂಗಕ್ಕೆ ಕೊಡೋದು. ಮಧ್ಯೆ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಯಲ್ಲಿ ಪಂಪ್‌ಹೌಸ್. ಸುರಂಗ ಸುಮಾರು 7 ಕಿಲೋಮೀಟರ್. ಅದನ್ನು ದಾಟಿದ ಮೇಲೆ ಒಂದು ಕವಲು ಚಿತ್ರದುರ್ಗಕ್ಕೆ, ಒಂದು ಕವಲು ತುಮಕೂರಿಗೆ. 2 ಲಕ್ಷ 25 ಸಾವಿರ ಹೆಕ್ಟೇರಿಗೆ ಹನಿ, ತುಂತುರು ನೀರಾವರಿ, 367 ಕೆರೆ ತುಂಬಿಸೋದು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಕೊಡ್ತೀವಿ ಅಂದಿದ್ದು ಇದಕ್ಕೇ. ಆ ದುಡ್ಡಿನ ರಾಜಕೀಯ ಇನ್ನೊಂದು ದಿನ ಮಾತಾಡೋಣ.

ಎತ್ತೋದು ಅಂದರೆ ಸುಮ್ಮನೆ ಅಲ್ಲ. ಒಂದು ಟಿಎಂಸಿ ನೀರನ್ನು ಒಂದೇ ಒಂದು ಮೀಟರ್ ಮೇಲೆತ್ತಲು ಸುಮಾರು 77 ಸಾವಿರ ಯೂನಿಟ್ ಕರೆಂಟು ಬೇಕು. ಇದು ಪಂಪಿನಲ್ಲಿ ನಷ್ಟವೇ ಇಲ್ಲ ಅಂತ ಇಟ್ಟುಕೊಂಡ ಲೆಕ್ಕ. 29.9 ಟಿಎಂಸಿಗೆ ಮೀಟರಿಗೆ 23 ಲಕ್ಷ ಯೂನಿಟ್. ಎಷ್ಟು ಮೀಟರ್ ಎತ್ತುತ್ತೀರೋ ಅಷ್ಟರಿಂದ ಗುಣಿಸಿ, ಪ್ರತಿ ವರ್ಷ. ಅಜ್ಜಂಪುರದ ಈರುಳ್ಳಿ ಹೊಲಕ್ಕೂ ಅಮೃತಮಹಲ್ ಕಾವಲಿನ ಪಕ್ಕದ ಕೆರೆಗೂ ನೀರು ಬಂತು ಅಂದರೆ ಅದು ನೀರಿನ ರೂಪದಲ್ಲಿ ಬಂದ ಕರೆಂಟು. ಬರಬಾರದು ಅಂತ ನಾನು ಹೇಳ್ತಿಲ್ಲ. ಬಂದದ್ದರ ಬೆಲೆ ಗೊತ್ತಿರಲಿ ಅಂತಿದ್ದೀನಿ.

ಒಂದು ತಮಾಷೆ ನೋಡಿ. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆ ಆಗ್ತಾಳೆ. ವೇದಾವತಿಯೂ ಮುಂದೆ ಹಗರಿ ಅಂತ ಹೆಸರು ಬದಲಿಸಿಕೊಂಡು ಬಳ್ಳಾರಿ ಸೀಮೆ ದಾಟಿ ಅದೇ ತುಂಗಭದ್ರೆಯನ್ನು ಸೇರ್ತಾಳೆ. ಅಂದರೆ ಲಕ್ಕವಳ್ಳಿಯ ನೀರೂ ಕಡೂರಿನ ನೀರೂ ಹೇಗಿದ್ದರೂ ಸೇರುತ್ತಿದ್ದವು. ನಾವು ಬೆಟ್ಟ ಕೊರೆದು, ಕರೆಂಟು ಸುಟ್ಟು, ಅವರಿಬ್ಬರನ್ನು ಬಹಳ ಮುಂಚೆಯೇ ಭೇಟಿ ಮಾಡಿಸುತ್ತಿದ್ದೇವೆ.

ಆ ಭೇಟಿ ಎಲ್ಲರಿಗೂ ಇಷ್ಟ ಇಲ್ಲ. 2025ರ ಜೂನ್‌ನಲ್ಲಿ ಏನಾಯ್ತು ನೆನಪಿದೆಯಾ? ಹೊಸದುರ್ಗ, ತರೀಕೆರೆ, ಕಡೂರು ಭಾಗದ ಹಳ್ಳಿಗಳಿಗೆ ಕುಡಿಯುವ ನೀರು ಕೊಡೋಕೆ ಡ್ಯಾಂ ಹತ್ತಿರ ಬಲದಂಡೆ ನಾಲೆಯಲ್ಲಿ ಕೆಲಸ ಶುರುವಾಯ್ತು. ದಾವಣಗೆರೆ ಕಡೆಯ ರೈತರು ಬೀದಿಗಿಳಿದರು. 'ನಾಲೆ ಸೀಳಿದರೆ ಕೊನೆ ಭಾಗಕ್ಕೆ ನೀರು ಬರಲ್ಲ' ಅಂತ ಅವರ ಭಯ. ಸುಳ್ಳು ಭಯ ಅಲ್ಲ. ನಾಲೆಯ ಕೊನೆಯ ಹೊಲದವನಿಗೆ ಯಾವಾಗಲೂ ಕೊನೆಯ ನೀರು. ಮಟ್ಟ ಒಂದಿಷ್ಟು ಇಳಿದರೂ ಮೊದಲು ಒಣಗೋದು ಅವನ ಗದ್ದೆ. ಇತ್ತ ಕಡೂರಿನವರು ಕೇಳೋದು: 'ಬೆಳೆಗಲ್ಲ ಸ್ವಾಮಿ, ಕುಡಿಯೋಕೆ. ನಮ್ಮ ಜಿಲ್ಲೆಯ ಡ್ಯಾಂನಿಂದ ಕುಡಿಯೋಕೆ ನೀರು ಕೇಳಿದ್ರೆ ತಪ್ಪಾ?' ಇದೂ ಸುಳ್ಳಲ್ಲ. ಟಿವಿಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ಕಿರುಚಾಡಿಸೋದು ಸುಲಭ. ನನ್ನ ಅಭಿಪ್ರಾಯ ಹೇಳ್ತೀನಿ: ಕುಡಿಯುವ ನೀರು ಮೊದಲು, ಅದರಲ್ಲಿ ಎರಡನೇ ಮಾತಿಲ್ಲ. ಪ್ರಮಾಣದ ಲೆಕ್ಕದಲ್ಲೂ ಮನೆಗೆ ಬೇಕಾದ ನೀರು ಗದ್ದೆಗೆ ಬೇಕಾದ ನೀರಿನ ಮುಂದೆ ಚಿಕ್ಕದು. ಆದರೆ ಎಲ್ಲಿಂದ, ಯಾವ ಮಟ್ಟದಲ್ಲಿ, ಯಾವ ತಿಂಗಳು ತೆಗೆಯುತ್ತೀರಿ ಅಂತ ಕೊನೆ ಭಾಗದ ರೈತರ ಮುಂದೆ ಕಾಗದ ಇಡದೆ ರಾತ್ರೋರಾತ್ರಿ ಜೆಸಿಬಿ ಇಳಿಸಿದರೆ ಯಾರು ನಂಬ್ತಾರೆ?

ಈಗ ಆ 186 ಅಡಿಯ ಅಳತೆಗೋಲಿಗೆ ವಾಪಸ್ ಬನ್ನಿ. ಅದರ ಮೇಲೆ ಎಷ್ಟು ಜನರ ಕಣ್ಣಿದೆ ನೋಡಿ. ದಾವಣಗೆರೆಯ ಭತ್ತದವರು ಜನವರಿಯಲ್ಲಿ ನೋಡ್ತಾರೆ, ಬೇಸಿಗೆ ಬೆಳೆ ಹಾಕೋದಾ ಬೇಡವಾ ಅಂತ. ಕಡೂರಿನ ತಾಯಂದಿರು ಏಪ್ರಿಲ್‌ನಲ್ಲಿ ನೋಡ್ತಾರೆ. ಸಫಾರಿ ದೋಣಿಯವರು ದಿನಾ ಬೆಳಗ್ಗೆ ನೋಡ್ತಾರೆ. ದ್ವೀಪದ ಮೇಲೆ ಕೂತ ಹಕ್ಕಿ ನೋಡಲ್ಲ, ಆದರೆ ಅದರ ಮೊಟ್ಟೆ ಉಳಿಯೋದು ಅಳಿಯೋದು ಆ ಗೆರೆಯ ಮೇಲೇ. ಶಿವಮೊಗ್ಗದಲ್ಲಿ ಸೇರುವ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನಾಲೆಗೆ ಎಷ್ಟು ದಿನ ನೀರು ಅಂತ ತೀರ್ಮಾನ ಆಗುತ್ತಲ್ಲ, ಆ ಮೇಜಿನ ಸುತ್ತ ಅಚ್ಚುಕಟ್ಟಿನವರಿಗೆ ಕುರ್ಚಿ ಇದೆ. ಹಕ್ಕಿಯ ಪರವಾಗಿ ಅರಣ್ಯ ಇಲಾಖೆಯವರಿಗೂ ಟ್ಯಾಂಕರ್ ಊರುಗಳ ಪರವಾಗಿ ಯಾರಿಗಾದರೂ ಅಲ್ಲೊಂದು ಕುರ್ಚಿ ಇರಬೇಕು ಅಂತ ನನ್ನ ವಾದ.

ಲಾಂಚ್ ಕೇಳಿದವರಿಗೆ ಬರಿಗೈ ಕಳಿಸಬಾರದು. ಲಕ್ಕವಳ್ಳಿಯಿಂದ ಎನ್.ಆರ್. ಪುರಕ್ಕೆ ನೀರಿನ ಮೇಲೆ ಪ್ರಯಾಣಿಕರ ದಾರಿ ಬೇಡ ಅಂತಲೇ ನಾನು ಹೇಳೋದು. ಜೆಟ್ಟಿಯ ಲೆಕ್ಕ, ಬೊಡ್ಡೆಯ ಲೆಕ್ಕ, ಮೊಟ್ಟೆಯ ಲೆಕ್ಕ ಮೂರೂ ಅದರ ವಿರುದ್ಧ ಇವೆ. ಆದರೆ ಕೇಳಬೇಕಾದ್ದು ಬಹಳ ಇದೆ. ಬೆಳಗ್ಗೆ ಒಂದು, ಸಂಜೆ ಒಂದು ಸರಿಯಾದ ಬಸ್ಸು. ಸಫಾರಿ ದೋಣಿಗಳಲ್ಲಿ ಡೀಸೆಲ್ ಬದಲು ಬ್ಯಾಟರಿ ಎಂಜಿನ್, ಮೊಟ್ಟೆಯ ತಿಂಗಳುಗಳಲ್ಲಿ ದ್ವೀಪದಿಂದ ಇಂತಿಷ್ಟು ದೂರ ಅಂತ ತೇಲುಗುಂಡಿನ ಗುರುತು. ಆ ದೋಣಿಗಳನ್ನು ನಡೆಸುವ ಕೆಲಸದಲ್ಲಿ, ಹಕ್ಕಿ ತೋರಿಸುವ ಗೈಡ್ ಕೆಲಸದಲ್ಲಿ ಮುಳುಗಡೆಯ ಮಕ್ಕಳಿಗೆ, ಎಂ.ಸಿ. ಹಳ್ಳಿಯ ಮಕ್ಕಳಿಗೆ ಮೊದಲ ಅವಕಾಶ. ಫೈಬರ್ ಹರಿಗೋಲಿನಲ್ಲಿ ಮೀನು ಹಿಡಿಯುವವರಿಗೆ ಒಂದೊಂದು ಲೈಫ್ ಜಾಕೆಟ್. ಅವರಿಗೆ ಅದನ್ನು ಯಾರೂ ಬಾಡಿಗೆಗೂ ಕೊಡಲ್ಲ.

ನಿಮ್ಮ ತಾಲ್ಲೂಕಿನ ಶಾಸಕರು ಮುಂದಿನ ಸಲ 'ಭದ್ರಾ ಹಿನ್ನೀರಿನಲ್ಲಿ ಜಲಸಾರಿಗೆ' ಅಂತ ಭಾಷಣ ಮಾಡಿದರೆ ಒಂದೇ ಪ್ರಶ್ನೆ ಕೇಳಿ: 'ಸ್ವಾಮಿ, ಜೆಟ್ಟಿ ಎಷ್ಟನೇ ಅಡಿಯಲ್ಲಿ ಕಟ್ತೀರಿ?'